ಆಟಿ ಮಳೆಯಲ್ಲಿ ಕೊಚ್ಚಿ

ಕೊಚ್ಚಿಗೆ ಹೋಗುವವರು ಸಾಮಾನ್ಯವಾಗಿ ಡಿಸೆಂಬರ್ ಹಿಡಿಯುತ್ತಾರೆ. ಆಗ ಸೆಕೆ ಕಡಿಮೆ. ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನ ಇರುವ ವರ್ಷವಾದರೆ ಹಳೆಯ ಗೋದಾಮುಗಳಲ್ಲೆಲ್ಲ ಚಿತ್ರ, ಶಿಲ್ಪ. ವರ್ಷದ ಕೊನೆಯ ರಾತ್ರಿ ಪಪ್ಪಾಂಜಿ ಎಂಬ ಮುದುಕನ ದೊಡ್ಡ ಬೊಂಬೆ ಸುಡುತ್ತಾರೆ, ಕಾಲಿಡಲು ಜಾಗ ಇರುವುದಿಲ್ಲ. ನಾನು ಮತ್ತು ಅಮ್ಮ ಹೋಗಿದ್ದು ಜುಲೈ ಕೊನೆಯ ವಾರ. ನಮ್ಮ ಕರಾವಳಿಯಲ್ಲಿ ಆಟಿ, ಅಲ್ಲಿ ಕರ್ಕಿಡಕ. ಮಳೆ ಬಿಡದೆ ಹೊಯ್ಯುವ ತಿಂಗಳು. ರೂಮಿನ ಬಾಡಿಗೆ ಇಳಿದಿರುತ್ತದೆ, ಪ್ರವಾಸಿಗರು ಕಡಿಮೆ, ಊರಿನವರಿಗೆ ನಿಂತು ಮಾತಾಡಲು ಪುರುಸೊತ್ತು ಇರುತ್ತದೆ.

ನನಗೆ ಬೇಕಿದ್ದದ್ದೂ ಅದೇ. ಫೋರ್ಟ್ ಕೊಚ್ಚಿ ಮತ್ತು ಮಟ್ಟಾಂಚೇರಿ ಅಕ್ಕಪಕ್ಕದ ಊರುಗಳು, ನಡೆದೇ ಮುಗಿಸಬಹುದು. ಅಷ್ಟೇ ಜಾಗದಲ್ಲಿ ಮೂವತ್ತಕ್ಕೂ ಜಾಸ್ತಿ ಸಮುದಾಯಗಳು ಬಾಳುತ್ತಿವೆ. ಕೊಂಕಣಿಗರು, ಗುಜರಾತಿಗಳು, ತಮಿಳರು, ಕಚ್ಛಿ ಮೆಮನ್‌ರು, ಆಂಗ್ಲೋ ಇಂಡಿಯನ್ನರು, ಈಗ ಬಹುತೇಕ ಇಲ್ಲವಾಗಿರುವ ಯಹೂದಿಗಳು. ಇವರೆಲ್ಲ ಹೇಗೆ ಬಂದರು ಅನ್ನುವುದು ಪುಸ್ತಕದಲ್ಲಿ ಸಿಗುತ್ತದೆ. ಬಂದವರು ಈಗ ಏನು ಕೆಲಸ ಮಾಡಿಕೊಂಡು, ಏನು ಉಂಡುಕೊಂಡು ಇದ್ದಾರೆ ಅನ್ನುವುದನ್ನು ಹೋಗಿಯೇ ನೋಡಬೇಕು.

ಬುಧವಾರ

ರಾತ್ರಿ ರೈಲು ಬೆಳಗ್ಗೆ ಎರ್ನಾಕುಲಂಗೆ ಬಿಟ್ಟಿತು. ಹೈಕೋರ್ಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೋ ಹಿಡಿದೆವು. 2023ರಲ್ಲಿ ಶುರುವಾದ ಈ ಬೋಟುಗಳು ಬ್ಯಾಟರಿಯಲ್ಲಿ ಓಡುತ್ತವೆ. ಒಳಗೆ ಎಸಿ, ಸುತ್ತ ದೊಡ್ಡ ಗಾಜು. ಸಂಜೆ ಹೊತ್ತು, ರಜೆಯ ದಿನ ಸಾಲು ಉದ್ದ ಇರುತ್ತದೆ. ಬೆಳಗ್ಗೆ ಆರಾಮ.

ಎಡಕ್ಕೆ ವಿಲ್ಲಿಂಗ್ಡನ್ ಐಲ್ಯಾಂಡ್ ಕಾಣುತ್ತದೆ. ಅದು ಮನುಷ್ಯರು ಮಾಡಿದ ನೆಲ. ಸುಮಾರು ನೂರು ವರ್ಷದ ಹಿಂದೆ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಬಂದರಿನ ಬಾಯಿಗೆ ಅಡ್ಡವಾಗಿದ್ದ ಮರಳದಿಬ್ಬ ಕಡಿಸಿ, ಹಿನ್ನೀರಿನ ಹೂಳೆತ್ತಿಸಿದ. ಎತ್ತಿದ ಮಣ್ಣನ್ನು ಒಂದೇ ಕಡೆ ಸುರಿಸಿ ದ್ವೀಪ ಮಾಡಿದ. ಬಲಕ್ಕೆ ಡಚ್ಚರು 1744ರಲ್ಲಿ ಕಟ್ಟಿದ ಬೋಲ್ಗಾಟ್ಟಿ ಬಂಗಲೆ, ಅದರಾಚೆ ವಲ್ಲಾರ್‌ಪಾಡಂನ ಕಂಟೇನರ್ ಕ್ರೇನುಗಳು. ಈ ಬಂದರು ಹುಟ್ಟಿದ್ದೇ ಒಂದು ನೆರೆಯಿಂದ. 1341ರಲ್ಲಿ ಪೆರಿಯಾರ್ ನದಿ ಉಕ್ಕಿ, ಉತ್ತರದ ಹಳೆಯ ಮುಜಿರಿಸ್ ಬಂದರು ಹೂಳು ತುಂಬಿಕೊಂಡಿತು. ನೀರು ಕೊಚ್ಚಿಯ ಕಡೆ ಬಾಯಿ ತೆರೆಯಿತು. ವ್ಯಾಪಾರ ಇತ್ತ ಬಂತು, ಅದರ ಹಿಂದೆ ಜನ ಬಂದರು.

ನಾವು ಇಳಿದುಕೊಂಡಿದ್ದು ರೋಸ್ ಸ್ಟ್ರೀಟ್ ಹತ್ತಿರದ ಒಂದು ಹೋಂಸ್ಟೇ. ಮನೆಯ ಚೇಚಿ, ಅಂದರೆ ಅಕ್ಕ, ನಮ್ಮನ್ನು ಕೂರಿಸಿ ಮೊದಲು ಅಪ್ಪಂ, ಮೊಟ್ಟೆ ರೋಸ್ಟ್ ಬಡಿಸಿದರು. ಅಂಚು ಗರಿಗರಿ, ನಡುವೆ ಸ್ಪಂಜಿನ ಹಾಗೆ. ಕುಡಿಯಲು ಬಿಸಿ ಬಿಸಿ ಗುಲಾಬಿ ಬಣ್ಣದ ನೀರು. ಕೇರಳದಲ್ಲಿ ನೀರಿಗೆ ಪದಿಮುಗಂ ಮರದ ಚಕ್ಕೆ ಹಾಕಿ ಕುದಿಸುತ್ತಾರಲ್ಲ, ಅದು. ಮಳೆಗಾಲದಲ್ಲಿ ಎಲ್ಲಿ ಹೋದರೂ ಇದನ್ನೇ ಕೇಳಿ ಕುಡಿಯಿರಿ, ಹೊಟ್ಟೆಗೆ ಒಳ್ಳೆಯದು.

ಮಳೆ ಬಿಟ್ಟಿದ್ದೇ ಕಡಲ ದಂಡೆಗೆ ಹೋದೆವು. ಜುಲೈನಲ್ಲಿ ಫೋರ್ಟ್ ಕೊಚ್ಚಿಯ ಬೀಚ್ ಅಂದರೆ ಇಷ್ಟಗಲ ಮರಳು, ಮಿಕ್ಕಿದ್ದೆಲ್ಲ ನೀರು. ನದಿಗಳು ತಂದ ಕೊಳವಾಳೆ ಕಳೆ ರಾಶಿ ರಾಶಿಯಾಗಿ ದಡಕ್ಕೆ ಬಂದು ಬಿದ್ದಿತ್ತು. ಅಲ್ಲೇ ಸಾಲಾಗಿ ಚೀನಾ ಬಲೆಗಳು. ಫೋಟೋದಲ್ಲಿ ಎಲ್ಲರೂ ನೋಡಿರುತ್ತೇವೆ. ಹತ್ತಿರ ನಿಂತು ನೋಡಿದಾಗಲೇ ಅದರ ಬುದ್ಧಿವಂತಿಕೆ ತಿಳಿಯುವುದು. ಮುಂದೆ ಬಲೆ, ಹಿಂದೆ ಹಗ್ಗಗಳಿಗೆ ಕಟ್ಟಿದ ದೊಡ್ಡ ದೊಡ್ಡ ಕಲ್ಲು. ಎರಡೂ ಕಡೆ ಭಾರ ಎಷ್ಟು ಸಮವಾಗಿದೆ ಅಂದರೆ, ಒಬ್ಬ ಮನುಷ್ಯ ನಡುವಿನ ಮರದ ಮೇಲೆ ಮುಂದಕ್ಕೆ ನಡೆದರೆ ಸಾಕು, ಅಷ್ಟು ದೊಡ್ಡ ಬಲೆ ತಾನಾಗಿ ನೀರಿಗೆ ಇಳಿಯುತ್ತದೆ. ಮೇಲೆತ್ತಲು ಮಾತ್ರ ನಾಲ್ಕೈದು ಜನ ಹಗ್ಗ ಜಗ್ಗಬೇಕು. ಬಲೆ ಏರಿದಂತೆ ಕಲ್ಲುಗಳು ಒಂದೊಂದಾಗಿ ಹಲಗೆ ಮೇಲೆ ಬಂದು ಕೂರುತ್ತವೆ.

ಅಂದು ಬಲೆ ಮೇಲೆ ಬಂದಾಗ ಅದರಲ್ಲಿ ಮೀನಿಗಿಂತ ಕಳೆಯೇ ಜಾಸ್ತಿ. ಒಬ್ಬರು ಕೈಯಲ್ಲೇ ಕಿತ್ತು ಕಿತ್ತು ಎಸೆದರು. ನಾಲ್ಕು ಮಾಲೆ ಮೀನು, ಒಂದು ಹಿಡಿ ಸಿಗಡಿ. "ಮಳೆಯಲ್ಲಿ ಹೀಗೇ, ಚೇಚಿ. ಮರ ಹಳೆಯದಾಗಿದೆ, ತೇಗ ಹೊಸದು ತರಬೇಕು ಅಂದರೆ ಸಾಲ ಮಾಡಬೇಕು" ಅಂದರು. ಹಗ್ಗ ಹಿಡಿಯಿರಿ, ಫೋಟೋ ತೆಗೆಯಿರಿ ಅಂತ ಕರೆಯುತ್ತಾರೆ. ಎಷ್ಟು ಕೊಡಬೇಕು ಅಂತ ಮೊದಲೇ ಮಾತಾಡಿ ಹಿಡಿಯಿರಿ, ಖುಷಿಯಿಂದ ಕೊಡಿ. ಬಲೆ ಉಳಿದಿರುವುದಕ್ಕೆ ಆ ದುಡ್ಡೂ ಒಂದು ಕಾರಣ.

ಅಷ್ಟರಲ್ಲಿ ಗಾಳಿ ಎದ್ದಿತು. ಅಮ್ಮನ ಕೊಡೆ ಮೇಲೆ ಮಗುಚಿ ಎರಡು ಕಡ್ಡಿ ಮುರಿದವು. ನೆನೆದುಕೊಂಡೇ ರೂಮಿಗೆ ಬಂದೆವು.

ಗುರುವಾರ

ಮಟ್ಟಾಂಚೇರಿಗೆ ದಿನ ಆರಿಸುವಾಗ ಸ್ವಲ್ಪ ಲೆಕ್ಕ ಬೇಕು. ಅರಮನೆಗೆ ಶುಕ್ರವಾರ ರಜೆ. ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್ ಶುಕ್ರವಾರ ಮಧ್ಯಾಹ್ನದಿಂದ ಮುಚ್ಚಿದರೆ ಶನಿವಾರವೂ ಇಲ್ಲ. ಎರಡನ್ನೂ ಒಟ್ಟಿಗೆ ನೋಡಲು ಗುರುವಾರ ಸರಿಹೋಗುತ್ತದೆ.

ಮೊದಲು ಕೊಡೆಯ ಕೆಲಸ. ಮಾರ್ಕೆಟ್ ಹತ್ತಿರ ಅಂಗಡಿ ಸೂರಿನ ಕೆಳಗೆ ಒಬ್ಬ ಅಜ್ಜ ಕೊಡೆ ರಿಪೇರಿ ಮಾಡುತ್ತಾ ಕೂತಿದ್ದರು. ಸುತ್ತ ಬರೀ ಕಡ್ಡಿ, ತಂತಿ, ಕರಿ ಬಟ್ಟೆ. ಹಳೆಯ ಕೊಡೆಯೊಂದರಿಂದ ಕಡ್ಡಿ ಬಿಚ್ಚಿ ನಮ್ಮದಕ್ಕೆ ಹಾಕಿದರು. ನಾನು ಮಲಯಾಳಂನಲ್ಲಿ ತಡವರಿಸುವುದನ್ನು ನೋಡಿ ಉರ್ದುವಿಗೆ ಬದಲಿಸಿದರು. ಪಕ್ಕದ ಬಾಳೆಹಣ್ಣಿನವನ ಹತ್ತಿರ ತಮಿಳು. "ಇಲ್ಲಿ ಹುಟ್ಟಿದ ಮೇಲೆ ಇಷ್ಟು ಬಾರದಿದ್ದರೆ ವ್ಯಾಪಾರ ಹೇಗೆ?" ಅಂದರು. ಆ ಕೊಡೆ ವಾರವಿಡೀ ಕೈಕೊಡಲಿಲ್ಲ.

ಅರಮನೆಯನ್ನು ಡಚ್ ಪ್ಯಾಲೇಸ್ ಅನ್ನುತ್ತಾರೆ, ಕಟ್ಟಿದ್ದು ಪೋರ್ಚುಗೀಸರು. 1555ರ ಹೊತ್ತಿಗೆ ಕಟ್ಟಿ ಕೊಚ್ಚಿಯ ರಾಜ ವೀರ ಕೇರಳ ವರ್ಮನಿಗೆ ಕೊಟ್ಟರು. 1663ರಲ್ಲಿ ಊರು ಡಚ್ಚರ ಕೈಗೆ ಹೋದ ಮೇಲೆ ಅವರು ದುರಸ್ತಿ ಮಾಡಿಸಿದರು. ಹೊರಗಿನಿಂದ ಸಾದಾ ಹೆಂಚಿನ ಮನೆ. ಒಳಗಿನ ನೆಲ ಕರಿ ಅಮೃತಶಿಲೆಯಂತೆ ಹೊಳೆಯುತ್ತದೆ. ಸುಟ್ಟ ತೆಂಗಿನ ಚಿಪ್ಪು, ಇದ್ದಿಲು, ಸುಣ್ಣ, ಗಿಡದ ರಸ, ಮೊಟ್ಟೆಯ ಬಿಳಿ ಸೇರಿಸಿ ಮಾಡಿದ ನೆಲ ಅದು.

ಪಳ್ಳಿಯರ, ಅಂದರೆ ರಾಜ ಮಲಗುತ್ತಿದ್ದ ಕೋಣೆ, ತುಂಬ ರಾಮಾಯಣ. ದಶರಥನ ಪುತ್ರಕಾಮೇಷ್ಟಿಯಿಂದ ರಾಮ ಅಯೋಧ್ಯೆಗೆ ಮರಳುವವರೆಗೆ. ಕಾವಿ ಕೆಂಪು, ಹಳದಿ, ಹಸಿರು. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಬಿಡುವೇ ಇಲ್ಲ. ಜನ, ಕುದುರೆ, ಮರ, ಆಯುಧ ಎಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು ಕಣ್ಣು ಹಿಡಿದು ಅದರ ಮುಖ, ಕೈ, ಕೈಯಲ್ಲಿರುವ ಬಿಲ್ಲು ಅಂತ ಬಿಡಿಸುತ್ತಾ ಹೋಗಬೇಕು. ಫೋಟೋ ತೆಗೆಯುವ ಹಾಗಿಲ್ಲ. ಅದು ಒಳ್ಳೆಯದೇ ಆಯಿತು, ಎಲ್ಲರೂ ನಿಂತು ನೋಡುತ್ತಾರೆ. ಕರ್ಕಿಡಕ ಮಲಯಾಳಿಗಳಿಗೆ ರಾಮಾಯಣದ ತಿಂಗಳು. ಸಂಜೆಯಾದರೆ ದೀಪ ಹಚ್ಚಿ ಎಳುತ್ತಚ್ಚನ್ ಬರೆದ ರಾಮಾಯಣ ಓದುತ್ತಾರೆ. ಅಮ್ಮ ಈ ಗೋಡೆಯ ಮುಂದೆ ನಿಂತು ಪ್ರತಿ ಸನ್ನಿವೇಶವನ್ನೂ ಗುರುತು ಹಿಡಿದು ನನಗೆ ಹೇಳಿದಳು. ಗೈಡ್ ಬೇಕಾಗಲಿಲ್ಲ.

ಅರಮನೆಯ ಬೆನ್ನಿಗೇ ಪರದೇಸಿ ಸಿನಗಾಗ್. 1568ರದು. ರಾಜ ತನ್ನ ದೇವಸ್ಥಾನದ ಪಕ್ಕದಲ್ಲೇ ಜಾಗ ಕೊಟ್ಟ. ಒಳಗೆ ಚಪ್ಪಲಿ ಬಿಟ್ಟು ಹೋಗಬೇಕು, ಬರಿಗಾಲಿಗೆ ನೆಲದ ತಂಪು ತಿಳಿಯುತ್ತದೆ. ಬಿಳಿಯ ಮೇಲೆ ನೀಲಿ ಬರೆದ ಟೈಲ್ಸ್. ಚೀನಾದಿಂದ ತರಿಸಿದ್ದು, ಪ್ರತಿಯೊಂದನ್ನೂ ಕೈಯಲ್ಲೇ ಬರೆದದ್ದು. ಮೇಲೆ ಬೆಲ್ಜಿಯಂ ಗಾಜಿನ ದೀಪಗುಚ್ಛಗಳು. ಹೊರಗಿನ ಗೋಡೆಯಲ್ಲಿರುವ 1344ರ ಕಲ್ಲನ್ನು ಹುಡುಕಿ ನೋಡಿ. ಕೊಚ್ಚಂಗಾಡಿಯಲ್ಲಿದ್ದ ಇನ್ನೂ ಹಳೆಯ ಸಿನಗಾಗಿನದು ಅದು. ಮುಜಿರಿಸ್ ಮುಚ್ಚಿ ಮೂರೇ ವರ್ಷಕ್ಕೆ ಯಹೂದಿಗಳು ಇಲ್ಲಿ ಪ್ರಾರ್ಥನೆಗೆ ಮನೆ ಕಟ್ಟಿಕೊಂಡಿದ್ದರು! ಇಸ್ರೇಲ್ ಆದ ಮೇಲೆ ಹೆಚ್ಚಿನವರು ಅಲ್ಲಿಗೆ ಹೋದರು. ಬೀದಿಯಲ್ಲಿ ಕಸೂತಿ ಅಂಗಡಿ ನಡೆಸುತ್ತಿದ್ದ ಸಾರಾ ಕೊಹೆನ್ 2019ರಲ್ಲಿ ತೀರಿಕೊಂಡರು. ಅವರನ್ನು ಕೊನೆಯವರೆಗೂ ನೋಡಿಕೊಂಡದ್ದು ಒಂದು ಮುಸ್ಲಿಂ ಕುಟುಂಬ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಸಿನಗಾಗಿನ ಬಾಗಿಲು ಹಾಕುತ್ತಾರೆ, ಅದಕ್ಕೆ ಮೊದಲೇ ಮುಗಿಸಿಕೊಳ್ಳಿ.

ಊಟಕ್ಕೆ ನಾವು ಬೇರೆ ಬೇರೆಯಾದೆವು. ಅಮ್ಮ ಮೀನಿನವರೆಗೆ ಸರಿ, ಮಾಂಸ ಮುಟ್ಟುವುದಿಲ್ಲ. ಅವಳಿಗೆ ಕುಸುಬಲಕ್ಕಿ ಊಟ ಸಿಗುವ ಹೋಟೆಲ್ ತೋರಿಸಿ ನಾನು ಕಾಯೀಸ್ ರಹಮತುಲ್ಲಾಗೆ ಹೋದೆ. ಅದೊಂದು ಬಿರಿಯಾನಿ ಹೋಟೆಲು. ಅಕ್ಕಿ ಸಣ್ಣದು, ಜೀರಿಗೆಯಷ್ಟೇ ಗಾತ್ರ. ಮಸಾಲೆ ಬಾಯಿ ಸುಡುವುದಿಲ್ಲ. ಜೊತೆಗೆ ಖರ್ಜೂರದ ಸಿಹಿ ಹುಳಿ ಚಟ್ನಿ. ಎದುರು ಕೂತಿದ್ದ ಹಮಾಲಿ ಚಟ್ನಿ ಬಟ್ಟಲು ನನ್ನ ಕಡೆ ತಳ್ಳಿ, ಅದನ್ನು ಹಾಗೆ ತಿನ್ನಬಾರದು, ಅನ್ನಕ್ಕೆ ಕಲಸಬೇಕು ಅಂತ ಕೈಯಲ್ಲೇ ತೋರಿಸಿಕೊಟ್ಟರು. ಅವರ ಮಾತು ಸರಿ ಇತ್ತು. ತಡ ಮಾಡಿದರೆ ಬಿರಿಯಾನಿ ಖಾಲಿಯಾಗಿರುತ್ತದೆ.

ಜ್ಯೂ ಟೌನಿನ ಅಂಗಡಿಗಳಲ್ಲಿ ಈಗ ಕಾಶ್ಮೀರಿಗಳ ಶಾಲು, ಹಳೆಯ ಮರದ ಸಾಮಾನು. ಮಸಾಲೆ ಕೊಳ್ಳುವುದಾದರೆ ಬಜಾರ್ ರೋಡಿನ ಗೋದಾಮುಗಳ ಕಡೆ ನಡೆಯಿರಿ. ರಸ್ತೆಗೆ ಬಂದರೇ ಒಣಶುಂಠಿಯ ಘಾಟು ಮೂಗಿಗೆ ಬಡಿಯುತ್ತದೆ. ಒಂದು ಕಡೆ ಹೆಂಗಸರು ಶುಂಠಿ ಆರಿಸುತ್ತಾ ಕೂತಿದ್ದರು. ಹುಳ ಹಿಡಿದದ್ದು ಒಂದು ರಾಶಿ, ಗಟ್ಟಿ ಇರುವುದು ಇನ್ನೊಂದು. ಸುಣ್ಣ ಹಾಕಿದ ಶುಂಠಿ ಬೆಳ್ಳಗೆ, ಹಾಕದ್ದು ಮಣ್ಣಿನ ಬಣ್ಣ. ಕಾಳುಮೆಣಸಿನ ವ್ಯಾಪಾರಿ ನಾಲ್ಕು ಕಾಳು ಅಂಗೈಗೆ ಹಾಕಿ, ಕಚ್ಚಿ ನೋಡಿ ಅಂದರು. ಹಲ್ಲಿಗೆ ಟಕ್ ಅಂತ ಒಡೆದರೆ ಒಣಗಿದೆ ಅಂತ. ಮೆತ್ತಗಿದ್ದರೆ ಬೂಸ್ಟು ಹಿಡಿಯುತ್ತದೆ, ಮಳೆಗಾಲದಲ್ಲಿ ಇದನ್ನು ನೋಡಿಯೇ ಕೊಳ್ಳಬೇಕು. ನಾವು ಕರ್ನಾಟಕದವರು ಅಂದಾಗ ಅವರು ನಕ್ಕರು. "ಹಾಗಾದರೆ ಇಲ್ಲಿಂದ ಯಾಕೆ ತಗೊಂಡು ಹೋಗ್ತೀರಿ? ಈಗ ಮೆಣಸು ಜಾಸ್ತಿ ಬರೋದೇ ನಿಮ್ಮ ಕೊಡಗಿಂದ." ಅಮ್ಮ ಮೆಣಸು ಬಿಟ್ಟು ಜಾಪತ್ರೆ, ಒಣಶುಂಠಿ ಕೊಂಡಳು. ಪುಡಿ ಯಾವುದನ್ನೂ ತೆಗೆದುಕೊಳ್ಳಬೇಡಿ, ಇಡಿಯಾಗಿಯೇ ತನ್ನಿ.

ಸಂಜೆ ಫೋರ್ಟ್ ಕೊಚ್ಚಿಯಲ್ಲಿ ಕಥಕಳಿ. ಆಟಕ್ಕೆ ಒಂದು ಗಂಟೆ ಮೊದಲೇ ಹೋಗಿ. ಬಣ್ಣ ಹಾಕುವುದನ್ನು ವೇದಿಕೆಯಲ್ಲೇ ಕೂತು ನೋಡಬಹುದು. ಕಲಾವಿದ ಅಂಗಾತ ಮಲಗುತ್ತಾನೆ. ಚುಟ್ಟಿ ಕಟ್ಟುವವರು ಅವನ ತಲೆಯ ಕಡೆ ಕೂತು, ದವಡೆಯ ಉದ್ದಕ್ಕೂ ಅಕ್ಕಿ ಹಿಟ್ಟು, ಸುಣ್ಣದ ಪಾಕ ಹಚ್ಚುತ್ತಾ, ಕತ್ತರಿಸಿದ ಬಿಳಿ ಕಾಗದ ಕೂರಿಸುತ್ತಾರೆ. ನಮ್ಮ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷಕ್ಕೂ ಹಿಟ್ಟು, ಸುಣ್ಣದ ಚುಟ್ಟಿ ಇಡುತ್ತಾರೆ. ಚೌಕಿಯಲ್ಲಿ ಅದನ್ನು ನೋಡಿ ಬೆಳೆದವಳಿಗೆ ಇದು ನೆಂಟರ ಮನೆ ಅನ್ನಿಸಿತು. ಕೊನೆಗೆ ಒಂದು ಗಿಡದ ಪುಟ್ಟ ಬೀಜವನ್ನು ಅಂಗೈಯಲ್ಲಿ ಉಜ್ಜಿ ರೆಪ್ಪೆಯೊಳಗೆ ಇಟ್ಟುಕೊಂಡರು. ಕೆಲವೇ ನಿಮಿಷದಲ್ಲಿ ಕಣ್ಣು ಕೆಂಪು. ಕಥಕಳಿಯಲ್ಲಿ ವೇಷ ಮಾತಾಡುವುದಿಲ್ಲ. ಯಕ್ಷಗಾನದ ಅರ್ಥಗಾರಿಕೆ ಕೇಳಿದ ಕಿವಿಗೆ ಮೊದಲು ಏನೋ ಕಡಿಮೆಯಾದಂತೆ ಅನ್ನಿಸುತ್ತದೆ. ಆಮೇಲೆ ಆ ಕೆಂಪು ಕಣ್ಣು, ಹುಬ್ಬು, ಬೆರಳು ಎಲ್ಲ ಮಾತಾಡಲು ಶುರು ಮಾಡುತ್ತವೆ.

ಶುಕ್ರವಾರ

ಬೆಳಗ್ಗೆ ದೋಬಿ ಖಾನಾ. ಫೋರ್ಟ್ ಕೊಚ್ಚಿಯ ವೇಳಿಯಲ್ಲಿದೆ, ಆಟೋದವರಿಗೆ ಹೆಸರು ಹೇಳಿದರೆ ಸಾಕು. ಡಚ್ಚರು ತಮ್ಮ ಸೈನ್ಯದ ಬಟ್ಟೆ ಒಗೆಯಲು ತಮಿಳುನಾಡಿನ ವಣ್ಣಾನ್ ಸಮುದಾಯದವರನ್ನು ಕರೆತಂದರು. ಡಚ್ಚರು ಹೋದರು, ಬ್ರಿಟಿಷರು ಹೋದರು, ಇವರು ಇಲ್ಲೇ ಒಗೆಯುತ್ತಿದ್ದಾರೆ. ಈಗಿರುವ ಕಟ್ಟಡ 1976ರದು. ಸಾಲಾಗಿ ಕಟ್ಟೆಗಳು, ಪ್ರತಿ ಕಟ್ಟೆಯಲ್ಲಿ ಒಂದು ಕಲ್ಲು, ಒಂದು ನೀರಿನ ತೊಟ್ಟಿ.

ಬಟ್ಟೆ ಒಣಗಿಸುವ ಹಗ್ಗ ನೋಡಲೇಬೇಕು. ಎರಡು ಹುರಿಯನ್ನು ಹೊಸೆದು ಕಟ್ಟಿರುತ್ತಾರೆ. ಬಟ್ಟೆಯ ತುದಿಯನ್ನು ಆ ಹೊಸೆತದ ನಡುವೆ ಸಿಕ್ಕಿಸಿಬಿಡುತ್ತಾರೆ, ಕ್ಲಿಪ್ಪೇ ಬೇಡ. ಎಷ್ಟೇ ಗಾಳಿ ಬಂದರೂ ಹಾರುವುದಿಲ್ಲ. ಆದರೆ ಅಂದು ಬಯಲಿನ ಹಗ್ಗಗಳೆಲ್ಲ ಖಾಲಿ. ಬಟ್ಟೆ ಎಲ್ಲ ಮಾಡಿನ ಕೆಳಗೆ ಒತ್ತೊತ್ತಾಗಿ ತೂಗುತ್ತಿತ್ತು. ಇಸ್ತ್ರಿ ಮಾಡುತ್ತಿದ್ದ ಹಿರಿಯರೊಬ್ಬರನ್ನು ಅಮ್ಮ ತಮಿಳಿನಲ್ಲಿ ಮಾತಾಡಿಸಿದಳು. "ಮಳೆಗಾಲ ಹೇಗಣ್ಣಾ ಕಳೀತೀರಿ?"

"ಅರ್ಧ ಗಂಟೆ ಬಿಸಿಲು ಬಂದರೂ ಓಡ್ತೀವಿ ಅಮ್ಮಾ. ಆಸ್ಪತ್ರೆಯವರಿಗೆ, ಹೋಟೆಲಿನವರಿಗೆ ಮಳೆ ಅಂತ ಹೇಳೋಕೆ ಆಗುತ್ತಾ?"

ಇದ್ದಿಲಿನ ಇಸ್ತ್ರಿಪೆಟ್ಟಿಗೆ, ನೋಡಿದರೇ ಭಾರ ತಿಳಿಯುತ್ತದೆ. ಬಿಳಿ ಪಂಚೆಗೆ ಗಂಜಿ ಹಾಕಿ, ನೀರು ಚಿಮುಕಿಸಿ ಅವರು ಒಂದು ಸಲ ಎಳೆದರೆ ಕಾಗದದಂತೆ ಆಗುತ್ತಿತ್ತು. ಮಕ್ಕಳು ಬೇರೆ ಕೆಲಸಕ್ಕೆ ಹೋದರಂತೆ. ತಮಿಳು ಮಾತ್ರ ಮನೆಯಲ್ಲಿ ಉಳಿದಿದೆ ಅಂದರು. ಒಳಗೆ ಹೋಗಲು ಟಿಕೆಟ್ ಕೇಳಲಿಲ್ಲ. ಕೇಳದೆ ಯಾರ ಫೋಟೋನೂ ತೆಗೆಯಬೇಡಿ, ನಾಲ್ಕು ಬಟ್ಟೆ ಒಗೆಯಲು ಕೊಟ್ಟರೆ ಇನ್ನೂ ಒಳ್ಳೆಯದು.

ಅಲ್ಲಿಂದ ಮಟ್ಟಾಂಚೇರಿಯ ಗುಜರಾತಿ ರೋಡಿಗೆ. ಫಾಫ್ಡಾ, ಪೇಡಾ, ಬಿಸಿ ಜಿಲೇಬಿ. ಅಂಗಡಿ ಹುಡುಗ ತೂಗುವಾಗ ಗುಜರಾತಿ, ದುಡ್ಡು ಎಣಿಸುವಾಗ ಮಲಯಾಳಂ. ಧರ್ಮನಾಥ ಜೈನ ದೇವಸ್ಥಾನದಲ್ಲಿ ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಪಾರಿವಾಳಗಳಿಗೆ ಕಾಳು ಹಾಕುತ್ತಾರೆ. ಗಂಟೆ ಹೊಡೆದದ್ದೇ ಮಾಡಿನ ಮೇಲಿಂದ ನೂರಾರು ಹಕ್ಕಿ ಒಟ್ಟಿಗೆ ಇಳಿದವು. ಕಾಳು ಹಿಡಿದವರ ಕೈ, ಭುಜ ಎಲ್ಲ ಪಾರಿವಾಳ. ಅಮ್ಮ ದೂರವೇ ನಿಂತಳು.

ಈ ದಿನದ ಮುಖ್ಯ ಜಾಗ ನಮಗೆ ಚೆರ್ಲಾಯಿಯ ತಿರುಮಲ ದೇವಸ್ವಂ. ನಮ್ಮ ಮನೆಮಾತು ಕೊಂಕಣಿ. ಗೋವೆಯಲ್ಲಿ ಪೋರ್ಚುಗೀಸರ ಕಾಟ ತಾಳಲಾರದೆ ಹದಿನಾರನೇ ಶತಮಾನದಲ್ಲಿ ದೋಣಿ ಹತ್ತಿದವರಲ್ಲಿ ಕೆಲವರು ಹೊನ್ನಾವರ, ಭಟ್ಕಳ, ಮಂಗಳೂರಿನಲ್ಲಿ ಇಳಿದರು. ಕೆಲವರು ಕೊಚ್ಚಿಯವರೆಗೆ ಬಂದರು. ರಾಜ ಜಾಗ ಕೊಟ್ಟ, ವ್ಯಾಪಾರಕ್ಕೆ ಅನುಮತಿ ಕೊಟ್ಟ. 1599ರಲ್ಲಿ ಇಲ್ಲಿ ವೆಂಕಟೇಶನ ಪ್ರತಿಷ್ಠೆ ಆಯಿತು. ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು. ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ, ನಾವು ಸಂಜೆ ಬಾಗಿಲು ತೆಗೆಯುವ ಹೊತ್ತಿಗೆ ಹೋದೆವು.

ದರ್ಶನ ಮುಗಿಸಿ ಹೊರಗೆ ಜಗಲಿಯಲ್ಲಿ ಮಳೆ ನಿಲ್ಲಲಿ ಅಂತ ಕೂತಿದ್ದಾಗ ಪಕ್ಕದಲ್ಲಿದ್ದ ಅಜ್ಜಿ ಅಮ್ಮನ ಮಾತು ಕೇಳಿ ತಿರುಗಿದರು. ಮೊದಲ ಪ್ರಶ್ನೆ, ಯಾವ ಊರು. ಎರಡನೆಯದು, ಕುಲದೇವರು ಯಾವುದು. ಅಮ್ಮ ಮ್ಹಾಳಸಾ ಅಂದಳು. ಅಜ್ಜಿ ಅಮ್ಮನ ಕೈ ಹಿಡಿದುಕೊಂಡೇಬಿಟ್ಟರು. ಅವರದೂ ಗೋವೆಯ ಮಾರ್ದೋಳದ ಮ್ಹಾಳಸಾ. ಅವರ ಕೊಂಕಣಿ ಮಲಯಾಳಂನ ಹಾಗೆ ಎಳೆಯುತ್ತದೆ, ಅಮ್ಮನದು ಕನ್ನಡ, ತುಳು ಬೆರೆತದ್ದು. ಆದರೂ ಒಂದು ಮಾತೂ ನಿಲ್ಲಲಿಲ್ಲ. ಆಟಿಯಲ್ಲಿ ಪತ್ರೊಡೆಗೆ ಕೆಸುವಿನ ಎಲೆ ಯಾವುದು, ಹುಳಿ ಎಷ್ಟು, ಸುತ್ತಿ ಬೇಯಿಸುತ್ತೀರೋ ಕತ್ತರಿಸಿ ಕಲಸುತ್ತೀರೋ, ಮೇಲೆ ಕೊಬ್ಬರಿ ಎಣ್ಣೆಯೇ ತಾನೇ? ಮೊಮ್ಮಕ್ಕಳು ಮಲಯಾಳಂನಲ್ಲೇ ಉತ್ತರ ಕೊಡುತ್ತಾರೆ ಅಂತ ಅಜ್ಜಿಗೆ ಬೇಸರ. ಇದೇ ಬೇಸರ ನಮ್ಮ ಮನೆಯಲ್ಲೂ ಇದೆ.

ಇದೇ ಊರಿನಲ್ಲಿ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಮರಗಳ ಬಗ್ಗೆ 'ಹೊರ್ಟಸ್ ಮಲಬಾರಿಕಸ್' ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟ ಅಚ್ಚಾಯಿತು. ಅದಕ್ಕೆ ಗಿಡಗಳ ಗುಣ ಹೇಳಿಕೊಟ್ಟವರು ಈಳವ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಮೂವರು ಕೊಂಕಣಿ ಪಂಡಿತರು: ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಆ ಮೂವರ ಕೊಂಕಣಿ ಹೇಳಿಕೆಯೊಂದು ನಾಗರಿ ಅಕ್ಷರದಲ್ಲೇ ಆ ಪುಸ್ತಕದಲ್ಲಿ ಅಚ್ಚಾಗಿದೆ. ಅಜ್ಜಿಗೆ ಇದು ಚೆನ್ನಾಗಿ ಗೊತ್ತಿತ್ತು. "ನಮ್ಮವರು ಹೇಳಿದ್ದನ್ನೇ ಅವರು ಬರೆದುಕೊಂಡದ್ದು" ಅಂದರು, ಮೊನ್ನೆ ನಡೆದದ್ದನ್ನು ಹೇಳುವ ಹಾಗೆ.

ಶನಿವಾರ

ಫೋರ್ಟ್ ಕೊಚ್ಚಿಯಿಂದ ವೈಪಿನ್ ದ್ವೀಪಕ್ಕೆ ಜಂಗಾರ್. ಕಾರು, ಬೈಕು, ಜನ ಎಲ್ಲ ಒಟ್ಟಿಗೆ ದಾಟುತ್ತಾರೆ. ಹತ್ತಿ ಸುತ್ತ ನೋಡುವಷ್ಟರಲ್ಲಿ ಆ ದಡ. ಅಲ್ಲಿಂದ ಮುನಂಬಂಗೆ ಹೋಗುವ ಬಸ್ಸು ಹಿಡಿದರೆ ದ್ವೀಪದ ಉದ್ದಕ್ಕೂ ನೋಡಿಕೊಂಡು ಹೋಗಬಹುದು. ಎರಡೂ ಬದಿ ತೆಂಗು, ನೀರು ನಿಂತ ಪೊಕ್ಕಾಳಿ ಗದ್ದೆಗಳು. ಉಪ್ಪುನೀರು ತಡೆಯುವ, ಆಳೆತ್ತರ ಬೆಳೆಯುವ ಭತ್ತ ಪೊಕ್ಕಾಳಿ. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಸಮುದ್ರದ ನೀರು ಬಿಟ್ಟು ಸಿಗಡಿ. ಭತ್ತದ ಕೂಳೆ ಸಿಗಡಿಗೆ ಮೇವು, ಸಿಗಡಿಯ ಗದ್ದೆ ಭತ್ತಕ್ಕೆ ಗೊಬ್ಬರ.

ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ರಾತ್ರಿಯ ಗಾಳಿಗೆ ಮರ ಅಡ್ಡ ಬಿದ್ದಿತ್ತು. ಡ್ರೈವರ್ ಇಳಿದು ನೋಡಿ, ಎಂಜಿನ್ ಆಫ್ ಮಾಡಿದರು. ಆಸುಪಾಸಿನ ಮನೆಗಳಿಂದ ನಾಲ್ಕು ಜನ ಕತ್ತಿ ಹಿಡಿದು ಬಂದರು, ಬಸ್ಸಿನಿಂದ ಹತ್ತು ಜನ ಇಳಿದರು. ಕಡಿದ ಕೊಂಬೆಗಳನ್ನು ಹೆಂಗಸರು ಒಲೆಗಾಯಿತು ಅಂತ ಎಳೆದುಕೊಂಡು ಹೋದರು. ಎದುರಿನ ಚಹಾದಂಗಡಿಯಲ್ಲಿ ನಾವು ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ತಿಂದೆವು. ನೇಂದ್ರ ಬಾಳೆ ಚೆನ್ನಾಗಿ ಹಣ್ಣಾಗಿತ್ತು. ದಾರಿ ಬಿಡಿಸಿದ ಮೇಲೆ ಕಂಡಕ್ಟರ್ ನಮಗಾಗಿ ಸೀಟಿ ಹೊಡೆದು ಕಾದರು.

ಪಳ್ಳಿಪುರಂ ಕೋಟೆ ನೋಡಲು ಪುಟ್ಟದು. ಆರು ಮೂಲೆಯ ಒಂದು ಬುರುಜು ಅಷ್ಟೇ, ಗೋಡೆಯ ಮೇಲೆ ಹುಲ್ಲು. ಪೋರ್ಚುಗೀಸರು 1503ರಲ್ಲಿ ಕಟ್ಟಿದ್ದು. ಯುರೋಪಿನವರು ಭಾರತದಲ್ಲಿ ಕಟ್ಟಿ ಇಂದಿಗೂ ಉಳಿದಿರುವ ಕೋಟೆಗಳಲ್ಲಿ ಇದೇ ಹಳೆಯದು. ಕನ್ನಡಿಗರು ಇಲ್ಲಿಗೆ ಬರಲು ಇನ್ನೊಂದು ಕಾರಣವಿದೆ. 1789ರಲ್ಲಿ ಡಚ್ಚರು ಇದನ್ನೂ ಕೊಡುಂಗಲ್ಲೂರು ಕೋಟೆಯನ್ನೂ ತಿರುವಾಂಕೂರಿಗೆ ಮಾರಿದರು. ಕೊಚ್ಚಿ ಆಗ ಮೈಸೂರಿಗೆ ಕಪ್ಪ ಕೊಡುತ್ತಿತ್ತು. ತನ್ನ ಸಾಮಂತನ ಜಾಗ ಮಾರಲು ನೀವು ಯಾರು ಅಂತ ಟಿಪ್ಪು ಎದ್ದ. ಆ ವರ್ಷದ ಕೊನೆಯಲ್ಲಿ ತಿರುವಾಂಕೂರಿನ ನೆಡುಂಕೋಟೆಯ ಮೇಲೆ ಬಿದ್ದ. ಅದರಿಂದ ಬ್ರಿಟಿಷರ ಜೊತೆ ಮೂರನೇ ಯುದ್ಧ, 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದ, ಅರ್ಧ ರಾಜ್ಯ ಕೈಬಿಟ್ಟದ್ದು. ಶಾಲೆಯಲ್ಲಿ ಓದಿದ ಆ ಪಾಠದ ಒಂದು ತುದಿ ಈ ಪಾಚಿ ಹಿಡಿದ ಬುರುಜು.

ಮುನಂಬಂನಲ್ಲಿ ನೂರಾರು ಬೋಟು ಸಾಲಾಗಿ ಕಟ್ಟಿಕೊಂಡಿದ್ದವು. ಜೂನ್ ಎರಡನೇ ವಾರದಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್ ನಿಷೇಧ. ಮೀನು ಮರಿ ಮಾಡುವ ಕಾಲ ಅಂತ. ಬೋಟಿಗೆ ಬಣ್ಣ ಬಳಿಯುವವರು, ಎಂಜಿನ್ ಬಿಚ್ಚಿದವರು, ಬಲೆ ಹರಡಿ ಹೊಲಿಯುವವರು. "ಇನ್ನು ಕೆಲವೇ ದಿನ, ಆಮೇಲೆ ಬನ್ನಿ, ಮೀನು ಇಡಲು ಜಾಗ ಇರಲ್ಲ" ಅಂದ ಒಬ್ಬ ಯುವಕ, ಬಣ್ಣದ ಬ್ರಷ್ ಹಿಡಿದುಕೊಂಡೇ. ನಿಷೇಧ ನಾಡದೋಣಿಗಳಿಗೆ ಇಲ್ಲ. ಅವರು ತಂದ ಬಂಗುಡೆ, ಬೂತಾಯಿ ಮಾರಾಟಕ್ಕಿತ್ತು.

ಚೆರಾಯಿ ಬೀಚಿನಲ್ಲಿ ಕೆಂಪು ಬಾವುಟ. ಲೈಫ್‌ಗಾರ್ಡ್ ನೀರಿಗೆ ಕಾಲಿಡಲೂ ಬಿಡಲಿಲ್ಲ. ಅಲೆ ನೋಡಿದರೆ ನಮಗೂ ಇಳಿಯುವ ಮನಸ್ಸಾಗಲಿಲ್ಲ. ಬೀಚಿನ ಹಿಂದಿನ ರಸ್ತೆಯಲ್ಲಿ ಒಂದು ಕಡೆ ಕೂಗುವ ಕಡಲು, ಇನ್ನೊಂದು ಕಡೆ ಸುಮ್ನೆ ಬಿದ್ದಿರುವ ಹಿನ್ನೀರು. ಆ ರಸ್ತೆಯ ಸಣ್ಣ ಹೋಟೆಲಿನಲ್ಲಿ ಕೆಂಪು ಕುಸುಬಲಕ್ಕಿ ಅನ್ನ, ಮೀನು ಸಾರು. ಹುಳಿಗೆ ಕುಡಂಪುಳಿ, ನಮ್ಮ ಮಲೆನಾಡಿನ ಉಪ್ಪಾಗೆ. ಜೊತೆಗೆ ಬಾಳೆಲೆಯಲ್ಲಿ ಸುತ್ತಿ ಹೆಂಚಿನ ಮೇಲೆ ಬೇಯಿಸಿದ ಕರಿಮೀನ್. ಎಲೆ ಬಿಚ್ಚಿದಾಗ ಕರಿಬೇವು, ಸಣ್ಣ ಈರುಳ್ಳಿಯ ಹಬೆ ಮುಖಕ್ಕೆ ಬಂತು. ಅಮ್ಮ ಮುಳ್ಳು ಒಂದೊಂದೇ ತೆಗೆದಿಡುತ್ತಾ ಮಾತಿಲ್ಲದೆ ಊಟ ಮಾಡಿದಳು. ಈ ಪ್ರವಾಸದ ಒಳ್ಳೆಯ ಊಟ ಇದೇ.

ಭಾನುವಾರ

ಸೇಂಟ್ ಫ್ರಾನ್ಸಿಸ್ ಚರ್ಚಿಗೆ ಭಾನುವಾರ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆಯೇ ಹೋಗಬೇಕು. 1503ರಲ್ಲಿ ಮರದಲ್ಲಿ ಶುರುವಾದ ಚರ್ಚು. ಪೋರ್ಚುಗೀಸರ ಕಾಲದಲ್ಲಿ ಕ್ಯಾಥೊಲಿಕ್, ಡಚ್ಚರ ಕಾಲದಲ್ಲಿ ಪ್ರಾಟೆಸ್ಟಂಟ್, ಬ್ರಿಟಿಷರ ಕಾಲದಲ್ಲಿ ಆಂಗ್ಲಿಕನ್, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). 1524ರ ಕ್ರಿಸ್ಮಸ್ ಹಿಂದಿನ ದಿನ ಕೊಚ್ಚಿಯಲ್ಲಿ ಸತ್ತ ವಾಸ್ಕೋ ಡ ಗಾಮನನ್ನು ಇಲ್ಲೇ ಹೂತಿದ್ದರು. ಆಮೇಲೆ ಮೂಳೆಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಅವನ ಕಲ್ಲಿಗಿಂತ ನನಗೆ ಇಷ್ಟವಾದದ್ದು ಮೇಲೆ ತೂಗುವ ಉದ್ದನೆಯ ಬಟ್ಟೆಯ ಪಂಖಗಳು. ಅವುಗಳ ಹಗ್ಗ ಗೋಡೆಯ ತೂತಿನಿಂದ ಹೊರಗೆ ಹೋಗುತ್ತದೆ. ಒಳಗಿದ್ದವರಿಗೆ ಗಾಳಿ ಬರಲಿ ಅಂತ ಹೊರಗೆ ಕೂತು ಎಳೆದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಹೋಂಸ್ಟೇ ಚೇಚಿ ಹೇಳಿದ ಹಳೆಯ ಬೇಕರಿಯಲ್ಲಿ ಬ್ರೂಡರ್ ಸಿಕ್ಕಿತು. ಡಚ್ಚರಿಂದ ಬಂದ ಬ್ರೆಡ್ಡು, ಒಣದ್ರಾಕ್ಷಿ ಹಾಕಿರುತ್ತಾರೆ, ಸ್ವಲ್ಪ ಸಿಹಿ. ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕ್ರಿಸ್ಮಸ್‌ಗೆ ಇದು ಬೇಕೇ ಬೇಕು. ಎಲ್ಲ ದಿನ ಸಿಗುವುದಿಲ್ಲ, ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಬಾಳೆಹಣ್ಣಿನ ಜೊತೆ ತಿನ್ನಿ ಅಂದರು ಬೇಕರಿಯವರು.

ವಾಪಸ್ಸು ಎರ್ನಾಕುಲಂಗೆ ಮೆಟ್ರೋ ಬಿಟ್ಟು ಸರ್ಕಾರಿ ಹಳೆಯ ಬೋಟು ಹತ್ತಿದೆವು. ಟಿಕೆಟ್ಟಿಗೆ ಚಿಲ್ಲರೆ ಸಾಕು. ಕಿಟಕಿಗೆ ಗಾಜಿಲ್ಲ, ಎರಚಲು ಹೊಡೆಯುತ್ತದೆ, ಎಂಜಿನ್ ಸದ್ದಿಗೆ ಜೋರಾಗಿ ಮಾತಾಡಬೇಕು. ಅಮ್ಮನಿಗೆ ಇದೇ ಹಿಡಿಸಿತು. ತಿರುಮಲ ದೇವಸ್ವಂನ ಅಜ್ಜಿ ರಥೋತ್ಸವಕ್ಕೆ ಬಾ, ನಮ್ಮಲ್ಲೇ ಉಳಿದುಕೋ ಅಂತ ಫೋನ್ ನಂಬರ್ ಬರೆಸಿ ಕಳಿಸಿದ್ದರು. ಬೋಟು ಜೆಟ್ಟಿ ಮುಟ್ಟುವುದರೊಳಗೆ ಅಮ್ಮ ಅವರಿಗೆ ಫೋನ್ ಮಾಡಿ, ಬರುತ್ತೇವೆ ಅಂತ ಹೇಳಿ ಆಗಿತ್ತು.